ಕೈಗುಣಕ್ಕೂ ಒಂದು ಲೆಕ್ಕ

“ಆ ಡಾಕ್ಟರ ಕೈಗುಣ ಚೆನ್ನಾಗಿದೆ ಕಣ್ರೀ. ಅವರು ನಾಡಿ ಹಿಡಿದರೆ ಸಾಕು, ಅರ್ಧ ಕಾಯಿಲೆ ಅಲ್ಲೇ ಹೋಗುತ್ತೆ!” ಈ ಮಾತನ್ನು ಕೇಳದ ಕನ್ನಡಿಗರು ಇರಲಾರರು. ಇನ್ನೊಬ್ಬ ಡಾಕ್ಟರ ಬಗ್ಗೆ “ದೊಡ್ಡ ದೊಡ್ಡ ಡಿಗ್ರಿ ಇದೆ, ಆದರೆ ಯಾಕೋ ಕೈಗುಣ ಸಾಲದು” ಎಂದೂ ನಾವೇ ಅನ್ನುತ್ತೇವೆ. ಇಬ್ಬರೂ ಬರೆದುಕೊಟ್ಟದ್ದು ಒಂದೇ ಮಾತ್ರೆ, ನಾವು ತಂದದ್ದು ಒಂದೇ ಅಂಗಡಿಯಿಂದ. ಆದರೂ ಒಬ್ಬರ ಔಷಧ ‘ಹಿಡಿಯುತ್ತದೆ’, ಇನ್ನೊಬ್ಬರದು ಹಿಡಿಯುವುದಿಲ್ಲ.

ನಾನು ಡಾಕ್ಟರಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ, ನಿವೃತ್ತನಾಗುವ ತನಕ ಲೆಡ್ಜರು ಬರೆದ ಗುಮಾಸ್ತ. ಎರಡು ಬಾಬತ್ತಿನ ಹಣ ಒಂದೇ ಖಾತೆಯಲ್ಲಿ ಬೆರೆತು ಕೂತಿದ್ದರೆ, ಬಿಡಿಸಿ ನೋಡುವ ತನಕ ನನಗೆ ಊಟ ರುಚಿಸುತ್ತಿರಲಿಲ್ಲ. ಈಗ ಎಪ್ಪತ್ತು ದಾಟಿದ ಮೇಲೆ ದಿನವೂ ಮಾತ್ರೆ ನುಂಗುವಾಗ ಅದೇ ಹಳೆಯ ಚಾಳಿ ತಲೆ ಎತ್ತುತ್ತದೆ. ಒಬ್ಬ ರೋಗಿ ಗುಣವಾದರೆ, ಆ ಗುಣದಲ್ಲಿ ಔಷಧದ ಪಾಲೆಷ್ಟು? ಕೈಗುಣದ ಪಾಲೆಷ್ಟು? ಏನೂ ಮಾಡದೆ ಇದ್ದಿದ್ದರೂ ವಾಸಿಯಾಗುತ್ತಿದ್ದದ್ದು ಎಷ್ಟು?

ಈ ಮೂರು ಬಾಬತ್ತನ್ನು ಬಿಡಿಸಿ ನೋಡಲು ವೈದ್ಯರು ಕಂಡುಕೊಂಡ ಉಪಾಯದ ಹೆಸರು ಪ್ಲಸೀಬೊ. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ‘ನಾನು ಸಂತೋಷಪಡಿಸುವೆ’ ಎಂದು ಅರ್ಥ. ನೋಡಲು ಔಷಧದ ಹಾಗೇ ಇರುತ್ತದೆ, ಒಳಗೆ ಔಷಧ ಇರುವುದಿಲ್ಲ. ಸಕ್ಕರೆಯ ಮಾತ್ರೆಯಿರಬಹುದು, ಬರೀ ಉಪ್ಪುನೀರಿನ ಇಂಜೆಕ್ಷನ್ ಇರಬಹುದು.

ಕಣ್ಣಿಗೆ ಬಟ್ಟೆ ಕಟ್ಟಿದ ಹುಡುಗ

ಮಕ್ಕಳೇ, ಈ ಕಥೆಯಲ್ಲಿ ನಿಮ್ಮ ವಯಸ್ಸಿನ ಒಬ್ಬ ಹುಡುಗನಿದ್ದಾನೆ. ಅವನಿಗೆ ಸುಮಾರು ಹನ್ನೆರಡು ವರ್ಷ.

1784ನೇ ಇಸವಿ. ಫ್ರಾನ್ಸಿನ ಪ್ಯಾರಿಸ್ ನಗರದಲ್ಲಿ ಫ್ರಾಂಜ್ ಮೆಸ್ಮರ್ ಎಂಬ ವೈದ್ಯನ ಹೆಸರು ಮನೆಮಾತಾಗಿತ್ತು. ಎಲ್ಲ ಜೀವಿಗಳಲ್ಲೂ ಕಣ್ಣಿಗೆ ಕಾಣದ ಒಂದು ಕಾಂತಶಕ್ತಿ ಹರಿಯುತ್ತಿರುತ್ತದೆ, ಅದನ್ನು ತಾನು ಕೈಯಾಡಿಸಿ ಸರಿಪಡಿಸಿದರೆ ಕಾಯಿಲೆ ವಾಸಿಯಾಗುತ್ತದೆ ಎಂಬುದು ಅವನ ವಾದ. ಅವನ ಮುಂದೆ ಕೂತ ರೋಗಿಗಳು ನಡುಗುತ್ತಿದ್ದರು, ಅಳುತ್ತಿದ್ದರು, ಮೂರ್ಛೆ ಹೋಗುತ್ತಿದ್ದರು. ಎದ್ದ ಮೇಲೆ ಹಗುರವಾಯಿತು ಅನ್ನುತ್ತಿದ್ದರು.

ಇದು ನಿಜವೇ ಎಂದು ಪರೀಕ್ಷಿಸಲು ದೊರೆ ಹದಿನಾರನೆಯ ಲೂಯಿ ಒಂದು ಸಮಿತಿ ನೇಮಿಸಿದ. ಅಮೆರಿಕದ ರಾಯಭಾರಿಯಾಗಿ ಅಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಆ ಸಮಿತಿಯಲ್ಲಿದ್ದರು. ಗಾಳಿಪಟ ಹಾರಿಸಿ ಮಿಂಚನ್ನು ಅಭ್ಯಾಸ ಮಾಡಿದವರೆಂದು ನಿಮ್ಮ ಪಾಠದಲ್ಲಿ ಬರುತ್ತಾರಲ್ಲ, ಅವರೇ. ಆಮ್ಲಜನಕಕ್ಕೆ ‘ಆಕ್ಸಿಜನ್’ ಎಂದು ಹೆಸರಿಟ್ಟ ಲೆವೊಸಿಯೆ ಕೂಡ ಇದ್ದರು. ಮೆಸ್ಮರ್ ತಾನು ಪರೀಕ್ಷೆಗೆ ಬರಲಿಲ್ಲ. ಅವನ ಶಿಷ್ಯ ಡೆಸ್ಲಾನ್ ಒಪ್ಪಿ ಬಂದ.

ಫ್ರಾಂಕ್ಲಿನ್ನರ ಮನೆಯ ತೋಟದಲ್ಲಿ ಡೆಸ್ಲಾನ್ ಒಂದು ಏಪ್ರಿಕಾಟ್ ಮರಕ್ಕೆ ತನ್ನ ‘ಶಕ್ತಿ’ ತುಂಬಿದ. ತಾನೇ ಆರಿಸಿ ಕರೆತಂದಿದ್ದ ಆ ಹುಡುಗ ಮರದ ಹತ್ತಿರ ಹೋದರೆ ಶಕ್ತಿ ತಗಲುವುದು ಖಂಡಿತ ಎಂದ. ಸಮಿತಿಯವರು ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದಾಗಿ ಬೇರೆ ನಾಲ್ಕು ಮರಗಳ ಹತ್ತಿರ ನಡೆಸಿಕೊಂಡು ಹೋದರು. ಮೊದಲ ಮರದ ಬಳಿ ಹುಡುಗ ಬೆವತ. ಎರಡನೆಯದರ ಬಳಿ ತಲೆನೋವು ಅಂದ. ಮೂರನೆಯದರ ಬಳಿ ಇನ್ನೂ ಹೆಚ್ಚಾಯಿತು. ನಾಲ್ಕನೆಯ ಮರದ ಹತ್ತಿರ ಮೈ ಸೆಟೆದು ಎಚ್ಚರ ತಪ್ಪಿ ಬಿದ್ದ. ಆ ನಾಲ್ಕರಲ್ಲಿ ಒಂದಕ್ಕೂ ಡೆಸ್ಲಾನ್ ಕೈ ತಾಗಿಸಿರಲಿಲ್ಲ!

ಹುಡುಗ ನಾಟಕವಾಡಿದ ಎನ್ನುವಂತಿಲ್ಲ. ಬೆವರು ನಿಜ, ಮೂರ್ಛೆ ನಿಜ. ಅದಕ್ಕೆ ಕಾರಣ ಮಾತ್ರ ಮರದಲ್ಲಿರಲಿಲ್ಲ, ಅವನ ನಿರೀಕ್ಷೆಯಲ್ಲಿತ್ತು. ಸಮಿತಿ ಕೊಟ್ಟ ವರದಿಯ ಸಾರವೂ ಇದೇ.

ಇನ್ನೊಂದು ಪರೀಕ್ಷೆ 1799ರಲ್ಲಿ ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ ನಡೆಯಿತು. ಅಮೆರಿಕದ ಎಲೈಷಾ ಪರ್ಕಿನ್ಸ್ ಎಂಬ ವೈದ್ಯ ಎರಡು ಪುಟ್ಟ ಲೋಹದ ಕಡ್ಡಿಗಳನ್ನು ಮಾಡಿ, ನೋವಿರುವ ಜಾಗದ ಮೇಲೆ ಎಳೆದರೆ ನೋವು ಹೋಗುತ್ತದೆಂದು ಮಾರಾಟಕ್ಕಿಟ್ಟಿದ್ದ. ಅವಕ್ಕೆ ‘ಟ್ರ್ಯಾಕ್ಟರ್’ ಎಂದು ಹೆಸರು. ಗದ್ದೆ ಉಳುವ ಟ್ರ್ಯಾಕ್ಟರ್ ಅಲ್ಲ, ನೋವನ್ನು ಹೊರಕ್ಕೆ ಎಳೆಯುವ ಟ್ರ್ಯಾಕ್ಟರ್! ಲಂಡನ್ನಿನಲ್ಲಿ ಒಂದು ಜೋಡಿಗೆ ಐದು ಗಿನಿ ಬೆಲೆ. ಜಾನ್ ಹೇಗಾರ್ತ್ ಎಂಬ ವೈದ್ಯರು ಮರದ ಕಡ್ಡಿಗಳನ್ನು ಮಾಡಿಸಿ, ಲೋಹದಂತೆ ಕಾಣಲು ಬಣ್ಣ ಬಳಿಸಿ, ಕೀಲುನೋವಿನ ಐದು ಜನರ ಮೇಲೆ ಎಳೆದು ನೋಡಿದರು. ಐವರಲ್ಲಿ ನಾಲ್ವರು ನೋವು ಕಡಿಮೆಯಾಯಿತು ಎಂದರು. ಮಾರನೆಯ ದಿನ ಅಸಲಿ ಲೋಹದ ಕಡ್ಡಿ ಎಳೆದಾಗಲೂ ಫಲ ಅಷ್ಟೇ.

ನನ್ನಂಥ ಗುಮಾಸ್ತನಿಗೆ ಇದು ಸುಲಭದ ಕಳೆಯುವ ಲೆಕ್ಕ. ಲೋಹದ ಕಡ್ಡಿಯ ಫಲದಿಂದ ಮರದ ಕಡ್ಡಿಯ ಫಲವನ್ನು ಕಳೆದರೆ ಉಳಿಯುವುದು ಸೊನ್ನೆ. ಐದು ಗಿನಿಯಲ್ಲಿ ಲೋಹದ ಪಾಲು ಏನೂ ಇರಲಿಲ್ಲ.

ಎರಡು ಲಕ್ಷ, ಮತ್ತೆ ಎರಡು ಲಕ್ಷ

ಕಳೆದ ಮೇಲೆ ಉಳಿದದ್ದು ಸೊನ್ನೆಯಾಗದಿದ್ದರೆ? ಆಗ ಅದು ನಿಜವಾದ ಔಷಧ. ಇಂಥ ಲೆಕ್ಕಗಳಲ್ಲಿ ಬಹಳ ದೊಡ್ಡದೊಂದು ನಡೆದದ್ದು 1954ರಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ. ಪಾಲುಗೊಂಡವರು ಒಂದು, ಎರಡು, ಮೂರನೇ ತರಗತಿಯ ಮಕ್ಕಳು.

ಆಗ ಪೋಲಿಯೊ ಎಂದರೆ ತಂದೆತಾಯಿಯರಿಗೆ ನಿದ್ದೆ ಬರುತ್ತಿರಲಿಲ್ಲ. ಜೋನಸ್ ಸಾಕ್ ಎಂಬ ವಿಜ್ಞಾನಿ ಲಸಿಕೆಯೊಂದನ್ನು ಸಿದ್ಧಪಡಿಸಿದ್ದರು. “ಎಲ್ಲ ಮಕ್ಕಳಿಗೂ ಹಾಕಿಬಿಡಿ, ಮುಂದಿನ ವರ್ಷ ಕಾಯಿಲೆ ಇಳಿಯುತ್ತದೋ ಇಲ್ಲವೋ ನೋಡಿದರಾಯಿತು” ಎಂದು ಯಾರಿಗಾದರೂ ತೋಚುತ್ತದೆ. ಇಲ್ಲೇ ಒಂದು ತೊಡಕು. ಅಮೆರಿಕದಲ್ಲಿ 1952ರಲ್ಲಿ ಸುಮಾರು 58,000 ಜನರಿಗೆ ಪೋಲಿಯೊ ಬಂದಿತ್ತು. 1953ರಲ್ಲಿ ಆ ಸಂಖ್ಯೆ ಸುಮಾರು 35,000ಕ್ಕೆ ಇಳಿಯಿತು. ಆಗಿನ್ನೂ ಊರಲ್ಲಿ ಲಸಿಕೆಯೇ ಬಂದಿರಲಿಲ್ಲ! ಆ ವರ್ಷ ಯಾರಾದರೂ ತಾಯಿತ ಹಂಚಿದ್ದರೆ ಇಪ್ಪತ್ತು ಸಾವಿರ ಮಕ್ಕಳನ್ನು ಉಳಿಸಿದ ಕೀರ್ತಿ ತಾಯಿತಕ್ಕೆ ಹೋಗುತ್ತಿತ್ತು.

ಆದ್ದರಿಂದ ಹಲವು ಪ್ರದೇಶಗಳಲ್ಲಿ, ಮನೆಯವರು ಒಪ್ಪಿದ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಲಸಿಕೆ, ಇನ್ನೊಂದು ಪಾಲಿಗೆ ನೋಡಲು ಹಾಗೆಯೇ ಇರುವ ಪ್ಲಸೀಬೊ. ಸೀಸೆಯ ಮೇಲೆ ಗುಟ್ಟಿನ ಅಂಕಿ ಮಾತ್ರ ಇತ್ತು. ಯಾರಿಗೆ ಯಾವುದು ಸಿಕ್ಕಿತೆಂದು ಮಗುವಿಗೂ ಗೊತ್ತಿಲ್ಲ, ಅಪ್ಪ ಅಮ್ಮನಿಗೂ ಗೊತ್ತಿಲ್ಲ, ಸೂಜಿ ಚುಚ್ಚಿದ ಡಾಕ್ಟರಿಗೂ ಗೊತ್ತಿಲ್ಲ. ಡಾಕ್ಟರಿಗೆ ಗೊತ್ತಿದ್ದರೆ ಅವರ ಮುಖವೇ ಹೇಳಿಬಿಡುತ್ತದಲ್ಲ! ತೋಟದ ಹುಡುಗನಿಗೆ ಕಟ್ಟಿದ ಬಟ್ಟೆಯನ್ನು ಈ ಸಲ ಎಲ್ಲರ ಕಣ್ಣಿಗೂ ಕಟ್ಟಿದರು ಅನ್ನಿ. ಪಾಲ್ಗೊಂಡ ಮಕ್ಕಳಿಗೆ ‘ಪೋಲಿಯೊ ಪಯೋನಿಯರ್’ ಎಂಬ ಬಿಲ್ಲೆ ಕೊಟ್ಟರು.

ಲೆಕ್ಕ ಮುಗಿದಾಗ ಕಂಡದ್ದು ಹೀಗೆ. ಲಸಿಕೆ ಸಿಕ್ಕಿದ 2,00,745 ಮಕ್ಕಳಲ್ಲಿ ಪಾರ್ಶ್ವವಾಯುವಿನ ಪೋಲಿಯೊ ಬಂದದ್ದು 33 ಮಕ್ಕಳಿಗೆ. ಪ್ಲಸೀಬೊ ಸಿಕ್ಕಿದ 2,01,229 ಮಕ್ಕಳಲ್ಲಿ 115 ಮಕ್ಕಳಿಗೆ. 1955ರ ಏಪ್ರಿಲ್ 12ರಂದು ಈ ಫಲಿತಾಂಶ ಪ್ರಕಟವಾಯಿತು.

ಆ 115ರ ಅಂಕಿಯನ್ನು ಓದುವಾಗೆಲ್ಲ ನನಗೆ ಕಣ್ಣು ಮುಂದೆ ಸರಿಯುವುದಿಲ್ಲ. ಅವು ಮಕ್ಕಳು. ಅವರ ಪಾಲಿಗೆ ಬಂದದ್ದು ಬರೀ ನೀರಿನಂಥ ಇಂಜೆಕ್ಷನ್. ಅವರು ಆ ಪಾಲಿನಲ್ಲಿ ನಿಲ್ಲದಿದ್ದರೆ ಲಸಿಕೆ ಕೆಲಸ ಮಾಡುತ್ತದೆಂದು ಅಷ್ಟು ಖಚಿತವಾಗಿ ಹೇಳಲು ಆಗುತ್ತಿರಲಿಲ್ಲ. ಮುಂದೆ ಬಾಯಿಗೆ ಹಾಕುವ ಹನಿ ಬಂತು, ನಮ್ಮ ದೇಶದಲ್ಲಿ ಭಾನುವಾರಗಳಂದು ಬೂತ್ ಹಾಕಿ ಮಕ್ಕಳಿಗೆ ಕೊಟ್ಟರು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು. ನನ್ನ ಓರಗೆಯವರ ತರಗತಿಗಳಲ್ಲಿ ಕಾಲೆಳೆದು ನಡೆಯುವ ಗೆಳೆಯರಿದ್ದರು. ಇಂದಿನ ಮಕ್ಕಳ ತರಗತಿಯಲ್ಲಿ ಆ ನೋಟವಿಲ್ಲ.

ನೋವು ನಿಜವಾಗಿಯೂ ಇಳಿಯುತ್ತದೆಯೇ?

ಹಾಗಾದರೆ ಕೈಗುಣ ಬರೀ ಭ್ರಮೆಯೋ? ಮಗು ಬಿದ್ದು ಮಂಡಿ ತರಚಿಕೊಂಡಾಗ ಅಜ್ಜಿ ಉಫ್ ಎಂದು ಊದುತ್ತಾಳೆ, ಅಳು ನಿಲ್ಲುತ್ತದೆ. ಊದಿದ ಗಾಳಿಯಲ್ಲಿ ಯಾವ ಔಷಧ ಇತ್ತು?

1978ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೂವರು ಸಂಶೋಧಕರು ದವಡೆ ಹಲ್ಲು ಕೀಳಿಸಿಕೊಂಡವರ ನೋವನ್ನು ಅಭ್ಯಾಸ ಮಾಡಿದರು. ಪ್ಲಸೀಬೊ ಪಡೆದವರಲ್ಲಿ ಕೆಲವರಿಗೆ ನೋವು ಇಳಿಯಿತು. ಆಮೇಲೆ ಅವರಿಗೆ ನಲಾಕ್ಸೋನ್ ಎಂಬ ಔಷಧ ಕೊಟ್ಟರು. ಮಾರ್ಫೀನ್‌ನಂಥ ನೋವು ನಿವಾರಕಗಳ ಕೆಲಸವನ್ನು ತಡೆಯುವ ಔಷಧ ಅದು. ಕೊಟ್ಟಾಗ ಅವರ ನೋವು ಮತ್ತೆ ಏರಿತು. ಅಂದರೆ, ಔಷಧ ಸಿಕ್ಕಿತೆಂಬ ನಂಬಿಕೆ ಮೂಡಿದಾಗ ಮೆದುಳು ತನ್ನದೇ ದಾಸ್ತಾನಿನಿಂದ ನೋವು ತಗ್ಗಿಸುವ ರಾಸಾಯನಿಕವನ್ನು ಬಿಡುಗಡೆ ಮಾಡುತ್ತದೆ ಎಂದು ಇದು ಸೂಚಿಸಿತು. ಅವುಗಳಿಗೆ ಎಂಡಾರ್ಫಿನ್ ಎಂದು ಹೆಸರು. ಅಜ್ಜಿ ಊದಿದ್ದರಲ್ಲಿ ಔಷಧ ಇರಲಿಲ್ಲ, ಸರಿ. ಮಗುವಿನ ಮೆದುಳಿನಲ್ಲಿ ಇತ್ತು.

ಆದ್ದರಿಂದ ಯಾರಿಗಾದರೂ ಪ್ಲಸೀಬೊದಿಂದ ನೋವು ಇಳಿದರೆ “ನಿನ್ನ ನೋವೇ ಸುಳ್ಳು” ಎನ್ನಬಾರದು. ನೋವೂ ನಿಜ, ಇಳಿದದ್ದೂ ನಿಜ.

ಹಾಯೆನಿಸುವುದು ಬೇರೆ, ಗುಣವಾಗುವುದು ಬೇರೆ

ಇಷ್ಟು ಕೇಳಿ “ಮನಸ್ಸಿದ್ದರೆ ಸಾಕು, ಮಾತ್ರೆ ಯಾಕೆ ಬೇಕು?” ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಬೆಳಿಗ್ಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಮ್ಮ ವಯಸ್ಸಿನವರು ಕೂತಾಗ ಇಂಥ ಮಾತು ವಾರಕ್ಕೊಮ್ಮೆಯಾದರೂ ಬರುತ್ತದೆ. ಈ ಲೇಖನ ಬರೆಯಲು ಕೂತದ್ದೂ ಅದಕ್ಕಾಗಿಯೇ. ದಯವಿಟ್ಟು ಮುಂದಿನದನ್ನು ನಿಧಾನವಾಗಿ ಓದಿ.

2011ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಆಸ್ತಮಾ ಇರುವವರ ಮೇಲೆ ನಡೆಸಿದ ಒಂದು ಪ್ರಯೋಗದ ವಿವರ ಪ್ರಕಟವಾಯಿತು. ಕೊನೆಯ ತನಕ ಉಳಿದವರು 39 ಮಂದಿ. ಒಬ್ಬೊಬ್ಬರಿಗೂ ಬೇರೆ ಬೇರೆ ದಿನ ನಾಲ್ಕು ಬಗೆ: ಒಂದು ದಿನ ಸಾಲ್ಬುಟಮಾಲ್ ಇರುವ ಅಸಲಿ ಇನ್‌ಹೇಲರ್, ಒಂದು ದಿನ ಔಷಧವಿಲ್ಲದ ಇನ್‌ಹೇಲರ್, ಒಂದು ದಿನ ಹುಸಿ ಅಕ್ಯುಪಂಕ್ಚರ್, ಒಂದು ದಿನ ಏನೂ ಇಲ್ಲ. ಆಮೇಲೆ ಎರಡು ಲೆಕ್ಕ ತೆಗೆದರು.

ಮೊದಲನೆಯದು “ನಿಮಗೆ ಹೇಗನ್ನಿಸುತ್ತಿದೆ?” ಎಂಬ ಪ್ರಶ್ನೆಯದು. ಅಸಲಿ ಇನ್‌ಹೇಲರ್ ಸೇದಿದಾಗ ಸರಾಸರಿ ಶೇ. 50ರಷ್ಟು ಸುಧಾರಿಸಿದೆ ಎಂದರು. ಔಷಧವಿಲ್ಲದ್ದಕ್ಕೆ ಶೇ. 45, ಹುಸಿ ಅಕ್ಯುಪಂಕ್ಚರಿಗೆ ಶೇ. 46. ಏನೂ ಕೊಡದಾಗ ಶೇ. 21 ಮಾತ್ರ. ರೋಗಿಯ ಮಾತಿನಲ್ಲಿ ಅಸಲಿಗೂ ನಕಲಿಗೂ ಅಂಥ ವ್ಯತ್ಯಾಸವೇ ಇಲ್ಲ.

ಎರಡನೆಯ ಲೆಕ್ಕವನ್ನು ಯಂತ್ರ ಕೊಟ್ಟಿತು. ಒಂದು ಸೆಕೆಂಡಿನಲ್ಲಿ ಶ್ವಾಸಕೋಶ ಎಷ್ಟು ಗಾಳಿ ಹೊರಹಾಕಬಲ್ಲದು ಎಂಬ ಅಳತೆ ಅದು. ಅಸಲಿ ಔಷಧದಿಂದ ಅದು ಶೇ. 20ರಷ್ಟು ಸುಧಾರಿಸಿತ್ತು. ಉಳಿದ ಮೂರರಲ್ಲೂ ಸುಮಾರು ಶೇ. 7 ಮಾತ್ರ.

ಅಂದರೆ, ನಕಲಿ ಇನ್‌ಹೇಲರ್ ಸೇದಿದವರಿಗೆ ಉಸಿರು ಸಲೀಸಾಯಿತು ಎನ್ನಿಸಿತು, ಒಳಗೆ ಶ್ವಾಸನಾಳ ಅಷ್ಟಾಗಿ ತೆರೆದೇ ಇರಲಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಪಾಸ್‌ಬುಕ್ಕಿನಲ್ಲಿ ಹಣ ಜಮಾ ಎಂದು ಬರೆದಿದೆ, ತಿಜೋರಿಯಲ್ಲಿ ಹಣವಿಲ್ಲ. ಜೋರಾಗಿ ದಮ್ಮು ಕಟ್ಟಿದ ರಾತ್ರಿ ಇದು ಪ್ರಾಣದ ಪ್ರಶ್ನೆಯಾಗುತ್ತದೆ.

ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವು ಏರಿದರೂ ಎಷ್ಟೋ ಸಲ ನಮಗೆ ಗೊತ್ತೇ ಆಗುವುದಿಲ್ಲ. ಅವನ್ನು “ನನಗೆ ಹಾಯೆನಿಸುತ್ತಿದೆ” ಎಂಬ ಒಂದೇ ಅಳತೆಗೋಲಿನಿಂದ ಅಳೆಯಲಾಗದು. 2001ರಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು, ಪ್ಲಸೀಬೊ ಪಡೆದವರನ್ನೂ ಏನನ್ನೂ ಪಡೆಯದವರನ್ನೂ ಹೋಲಿಸಿದ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ಕೂಡಿಸಿ ನೋಡಿದರು. ನೋವಿನಂಥ, ರೋಗಿಯೇ ಹೇಳಬೇಕಾದ ತೊಂದರೆಗಳಲ್ಲಿ ಸ್ವಲ್ಪ ಉಪಯೋಗ ಕಂಡಿತು. ಅದರಾಚೆಗೆ ದೊಡ್ಡ ಉಪಯೋಗಕ್ಕೆ ಹೆಚ್ಚು ಆಧಾರ ಸಿಗಲಿಲ್ಲ. ಕೈಗುಣಕ್ಕೂ ಒಂದು ಎಲ್ಲೆ ಇದೆ.

ಕೈಗುಣ ತಿರುಗಿ ನಿಂತರೆ

ನಂಬಿಕೆಯಿಂದ ನೋವು ಇಳಿಯುವುದಾದರೆ, ಭಯದಿಂದ ನೋವು ಏರಬೇಕಲ್ಲ? ಏರುತ್ತದೆ. ಇದಕ್ಕೆ ನೊಸೀಬೊ ಎಂದು ಹೆಸರು.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳನ್ನು ನಮ್ಮ ವಯಸ್ಸಿನವರು ಬಹಳ ಜನ ನುಂಗುತ್ತೇವೆ. “ಅದರಿಂದ ಮೈಕೈ ನೋವು” ಎಂದು ನಿಲ್ಲಿಸುವವರೂ ಬಹಳ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಹೀಗೆ ನಿಲ್ಲಿಸಿದ್ದ 60 ಜನರಿಗೆ ಹನ್ನೆರಡು ಡಬ್ಬಿಗಳನ್ನು ಕೊಟ್ಟರು, ತಿಂಗಳಿಗೊಂದರಂತೆ. ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ಪ್ಲಸೀಬೊ, ನಾಲ್ಕು ಖಾಲಿ. ತೊಂದರೆಯನ್ನು ಸೊನ್ನೆಯಿಂದ ನೂರರವರೆಗೆ ಅಂಕ ಹಾಕಿ ದಿನವೂ ಬರೆಯಬೇಕಿತ್ತು. 2020ರಲ್ಲಿ ಬಂದ ಫಲಿತಾಂಶ: ಖಾಲಿ ಡಬ್ಬಿಯ ತಿಂಗಳುಗಳಲ್ಲಿ ಸರಾಸರಿ 8, ಪ್ಲಸೀಬೊ ತಿಂಗಳುಗಳಲ್ಲಿ 15.4, ಸ್ಟ್ಯಾಟಿನ್ ತಿಂಗಳುಗಳಲ್ಲಿ 16.3. ಮಾತ್ರೆ ನುಂಗಿದ್ದರಿಂದ ಹೆಚ್ಚಾದ ತೊಂದರೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಪ್ಲಸೀಬೊದಲ್ಲೂ ಇತ್ತು! ತಮ್ಮದೇ ಲೆಕ್ಕವನ್ನು ಕಣ್ಣಾರೆ ನೋಡಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರುಮಾಡಿದರು.

ಮಾತ್ರೆಗಳಿಗೆ ಅಡ್ಡಪರಿಣಾಮವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇರುತ್ತವೆ. ಆದರೆ ವಾಟ್ಸ್ಆ್ಯಪಿನಲ್ಲಿ ಬಂದ ಹೆದರಿಕೆಯ ಮಾತನ್ನು ಓದಿ ಮಾತ್ರೆ ನಿಲ್ಲಿಸುವ ಮೊದಲು, ಡಾಕ್ಟರ ಮುಂದೆ ಕೂತು “ನನಗೆ ಹೀಗಾಗುತ್ತಿದೆ” ಎಂದು ಹೇಳಿ. ಅವರು ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆ ಕೊಡಬಹುದು.

“ಅದು ಮೋಸ ಅಲ್ವಾ, ತಾತ?”

ಏಳನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಇದನ್ನೆಲ್ಲ ಕೇಳಿಸಿಕೊಂಡು ಥಟ್ಟನೆ ಕೇಳಿದ ಪ್ರಶ್ನೆ ಇದು. “ಔಷಧ ಅಂತ ಹೇಳಿ ಸಕ್ಕರೆ ಕೊಡೋದು ಮೋಸ ಅಲ್ವಾ, ತಾತ?”

“ಹೌದಮ್ಮ. ಹೇಳದೆ ಕೊಟ್ಟರೆ ಮೋಸವೇ” ಎಂದೆ.

ಅದಕ್ಕೇ ಪ್ರಯೋಗಗಳಲ್ಲಿ “ನಿಮಗೆ ಔಷಧವೂ ಸಿಗಬಹುದು, ಪ್ಲಸೀಬೊವೂ ಸಿಗಬಹುದು” ಎಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಪ್ರಾಣ ಉಳಿಸುವ ಔಷಧ ಆಗಲೇ ಗೊತ್ತಿರುವಾಗ ಅದನ್ನು ತಪ್ಪಿಸಿ ಪ್ಲಸೀಬೊ ಕೊಡುವಂತಿಲ್ಲ, ಹೊಸ ಔಷಧವನ್ನು ಆ ಹಳೆಯ ಔಷಧದ ಜೊತೆಗೇ ಹೋಲಿಸಬೇಕು. 1964ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಜಗತ್ತಿನ ವೈದ್ಯರ ಸಂಘ ಒಪ್ಪಿದ ಘೋಷಣೆ ಮನುಷ್ಯರ ಮೇಲಿನ ಪ್ರಯೋಗಗಳಿಗೆ ಕಟ್ಟಳೆ ಹಾಕಿತು. ಅದನ್ನು ಆಮೇಲೆ ಹಲವು ಸಲ ತಿದ್ದಿದ್ದಾರೆ.

“ಹೇಳಿಬಿಟ್ಟರೆ ಕೆಲಸ ಮಾಡುತ್ತಾ?” ಅವಳದು ಮರುಪ್ರಶ್ನೆ.

ಅದನ್ನೂ ನೋಡಿದ್ದಾರೆ. 2010ರಲ್ಲಿ ಪ್ರಕಟವಾದ ಬಾಸ್ಟನ್ನಿನ ಇನ್ನೊಂದು ಪ್ರಯೋಗದಲ್ಲಿ, ಕರುಳಿನ ಕಿರಿಕಿರಿಯಿಂದ ಬಳಲುತ್ತಿದ್ದ 80 ಜನರಲ್ಲಿ ಒಂದು ಪಾಲಿಗೆ “ಇದರಲ್ಲಿ ಔಷಧವಿಲ್ಲ, ಆದರೂ ಮೈಮನಸ್ಸು ಸ್ಪಂದಿಸಬಹುದು” ಎಂದು ವಿವರಿಸಿಯೇ ಮಾತ್ರೆ ಕೊಟ್ಟರು. ಡಬ್ಬಿಯ ಮೇಲೂ ಪ್ಲಸೀಬೊ ಎಂದೇ ಬರೆದಿತ್ತು. ಮೂರು ವಾರದ ಕೊನೆಗೆ ಅವರಲ್ಲಿ ಶೇ. 59 ಜನ ಸಾಕಷ್ಟು ಉಪಶಮನವಾಯಿತು ಎಂದರು. ಮಾತ್ರೆ ಕೊಡದವರಲ್ಲಿ ಹಾಗೆಂದವರು ಶೇ. 35. ಇದೂ ‘ಹೇಗನ್ನಿಸಿತು’ ಎಂಬ ಲೆಕ್ಕವೇ ಹೌದು. ಆದರೂ ನಕ್ಕು ತಳ್ಳಿಹಾಕುವಂಥದಲ್ಲ.

ಮನೆಯ ಲೆಕ್ಕ

ಈಗ ನಮ್ಮ ಅಂಗಳಕ್ಕೆ ಬರೋಣ. ಹಾವು ಕಚ್ಚಿದಾಗ ಮಂತ್ರ ಹಾಕಿಸಿ ಬದುಕಿದವರ ಕಥೆ ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಮೂರನೆಯ ಬಾಬತ್ತು ನೆನಪಿದೆಯಲ್ಲ, ಏನೂ ಮಾಡದಿದ್ದರೂ ವಾಸಿಯಾಗುತ್ತಿದ್ದದ್ದು? ಎಷ್ಟೋ ಹಾವುಗಳಿಗೆ ವಿಷವಿಲ್ಲ. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರೆಲ್ಲ ಮಂತ್ರದ ಖಾತೆಗೆ ಜಮಾ ಆಗುತ್ತಾರೆ. ವಿಷವೇರಿ ಸತ್ತವರು ಬಂದು ತಮ್ಮ ಕಥೆ ಹೇಳುವುದಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಆಗುವ ಪ್ರತಿವಿಷದ ಇಂಜೆಕ್ಷನ್ ನಮ್ಮ ದೇಶದಲ್ಲಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ನಾಯಿ ಕಚ್ಚಿದರೂ ಅಷ್ಟೇ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ಮಕ್ಕಳೇ, ಯಾರಾದರೂ “ಇದರಿಂದ ನನಗೆ ಗುಣವಾಯಿತು” ಎಂದರೆ ಜಗಳಕ್ಕೆ ಹೋಗಬೇಡಿ. ಮನಸ್ಸಿನಲ್ಲೇ ಮೂರು ಪ್ರಶ್ನೆ ಹಾಕಿಕೊಳ್ಳಿ. ಸುಮ್ಮನಿದ್ದರೂ ಗುಣವಾಗುತ್ತಿತ್ತೇ? ನಂಬಿಕೆಯಿಂದ ಹಾಗನ್ನಿಸಿತೇ? ಕಣ್ಣಿಗೆ ಬಟ್ಟೆ ಕಟ್ಟಿ ಹೋಲಿಸಿ ನೋಡಿದ್ದಾರೆಯೇ?

ಇನ್ನು ನನ್ನ ಓರಗೆಯವರಿಗೆ ಒಂದು ಮಾತು. ಡಾಕ್ಟರ ಕೈಗುಣವನ್ನು ಬೇಡವೆನ್ನಬೇಡಿ. ನಾಲ್ಕು ಮಾತು ಕೇಳಿಸಿಕೊಂಡು, ಭುಜ ತಟ್ಟಿ ಕಳಿಸುವ ಡಾಕ್ಟರು ಸಿಕ್ಕಿದರೆ ಬಿಡಲೇಬೇಡಿ. ಅವರು ಬರೆದುಕೊಟ್ಟ ಔಷಧವನ್ನು ಹೊತ್ತಿಗೆ ಸರಿಯಾಗಿ ನುಂಗಿ, ಹೇಳಿದ ದಿನ ರಕ್ತಪರೀಕ್ಷೆ ಮಾಡಿಸಿ. ಹಾಗೆಯೇ ಮೊಮ್ಮಕ್ಕಳ ಮಂಡಿ ತರಚಿದರೆ ಮೊದಲು ನೀರಲ್ಲಿ ತೊಳೆಯಿರಿ, ಆಮೇಲೆ ಧಾರಾಳವಾಗಿ ಉಫ್ ಎಂದು ಊದಿ. ಅದಕ್ಕೆ ಖರ್ಚಿಲ್ಲ, ಅಡ್ಡಪರಿಣಾಮವೂ ಇಲ್ಲ.